ಅಜ್ಜನ ಪಕ್ಕದಲ್ಲಿ ಕೂತ ಹೆಂಗಸು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಉಡುಪಿ ಸಮೀಪದ 58ರ ಗೃಹಿಣಿ. ಹಳೆಮನೆ ಬಿಚ್ಚುವಾಗ ಅಟ್ಟದ ಟ್ರಂಕಿನಲ್ಲಿ 11 ಫೋಟೊ ಸಿಕ್ಕವು. ಒಂದರಲ್ಲಿ ಖಾಕಿ ತೊಟ್ಟ ಅಜ್ಜ, ಪಕ್ಕದಲ್ಲಿ ಗುರುತಿಲ್ಲದ ಹೆಂಗಸು, ನಾಲ್ಕೈದು ವರ್ಷದ ಹುಡುಗ. ಹಿಂಬದಿಯಲ್ಲಿ ಬರ್ಮಾದ ರಂಗೂನಿನ ಸ್ಟುಡಿಯೊ ಮೊಹರು. ತಮ್ಮ ಅದನ್ನು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದ. "ಬರ್ಮಾದಲ್ಲಿ ಇನ್ನೊಂದು ಸಂಸಾರ ಇತ್ತಂತೆ" ಎಂಬ ಮಾತು 84ರ ತಾಯಿಯ ಕಿವಿಗೂ ಬಿತ್ತು. ಅವರು ಅರ್ಧ ಊಟಕ್ಕೇ ಏಳತೊಡಗಿದರು. "ನಾನು ಟ್ರಂಕು ತೆರೆಯಲೇಬಾರದಿತ್ತು ಮೇಡಂ" ಎನ್ನುತ್ತ ನಮ್ಮಲ್ಲಿಗೆ ಸಲಹೆ ಕೇಳಿ ಬಂದರು ಇವರು.

ಮೊದಲ ದಿನದ ಸಲಹೆ ಚಿಕ್ಕದು: ತಮ್ಮನೇ ಗುಂಪಿನಿಂದ ಫೋಟೊ ತೆಗೆಯಲಿ, ವಿಷಯ ಇನ್ನೂ ಗೊತ್ತಾಗಿಲ್ಲ ಎಂದು ಅಮ್ಮನಿಗೆ ಅವನೇ ಹೇಳಲಿ. ಗೊತ್ತಾಗುವವರೆಗೆ ಯಾರೂ ಅಮ್ಮನನ್ನು ಕೆದಕಬಾರದು.

ಫೋಟೊ ಕೆಲಸ ಆಮೇಲೆ. ಕರಾವಳಿಯ ಮಳೆಗಾಲದ ತೇವಕ್ಕೆ ಫೋಟೊದ ಮೇಲ್ಪದರ ಮೆದುವಾಗಿ ಚೌಕಟ್ಟಿನ ಗಾಜಿಗೆ ಅಂಟುತ್ತದೆ. ಎಳೆದರೆ ಮುಖವೇ ಕಿತ್ತು ಬರುತ್ತದೆ. ಅಂಥದ್ದನ್ನು ಗಾಜಿನ ಸಮೇತ ಸ್ಕ್ಯಾನ್ ಮಾಡಬೇಕು. ಬಿಡಿ ಫೋಟೊಗಳಿಗೆ 600 ಡಿಪಿಐ (ಇಂಚಿಗೆ ಇಷ್ಟು ಚುಕ್ಕಿ ಎಂಬ ಸ್ಕ್ಯಾನಿನ ಅಳತೆ), ಬೆಂಕಿಪೊಟ್ಟಣದಷ್ಟು ಚಿಕ್ಕವಕ್ಕೆ 1200. ಫೋಟೊದ ಬೆನ್ನನ್ನು ಸ್ಕ್ಯಾನ್ ಮಾಡಲು ಮರೆಯುವವರೇ ಹೆಚ್ಚು, ಮೊಹರು ಇರುವುದು ಅಲ್ಲಿಯೇ. ಬಣ್ಣ ತುಂಬುವ ಆಪ್ ಬೇಡ: ಆ ಕಾಲದ ಕೆಲವು ಫಿಲ್ಮುಗಳಲ್ಲಿ ಕೆಂಪು ಕಪ್ಪಾಗಿ ಬೀಳುತ್ತಿತ್ತು, ಪದಕದ ಪಟ್ಟಿಗೆ ಆಪ್ ಕೊಡುವ ಬಣ್ಣ ಬರೀ ಊಹೆ.

ದೊಡ್ಡದು ಮಾಡಿದಾಗ ಭುಜದ ಹಿತ್ತಾಳೆ ಅಕ್ಷರ ಓದಲು ಸಿಕ್ಕಿತು: ಆರ್‌ಐಎಎಸ್‌ಸಿ. ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್, ಅಂದರೆ ಸೇನೆಯ ಸಾಗಾಟ, ಪಡಿತರದ ವಿಭಾಗ. ಟ್ರಂಕಿನ ತಳದಲ್ಲಿದ್ದ ಡಿಸ್ಚಾರ್ಜ್ ಸರ್ಟಿಫಿಕೇಟಿನ ಪ್ರಕಾರ ಅಜ್ಜ ಮಂಗಳೂರಿನಲ್ಲಿ ಭರ್ತಿಯಾದದ್ದು 1942ರ ಆಗಸ್ಟಿನಲ್ಲಿ. ಅದುವರೆಗೆ ಹಂಚಿನ ಕಾರ್ಖಾನೆಯ ಕೆಲಸ. ಎರಡನೇ ಮಹಾಯುದ್ಧದಲ್ಲಿ ರಂಗೂನ್ ಆ ಮಾರ್ಚಿನಲ್ಲೇ ಜಪಾನೀಯರ ಪಾಲಾಗಿತ್ತು, ಬ್ರಿಟಿಷರ ಕೈಗೆ ಮರಳಿದ್ದು 1945ರ ಮೇಯಲ್ಲಿ. ಹಾಗಾಗಿ ಸಮವಸ್ತ್ರದಲ್ಲಿ ಅಲ್ಲಿ ಫೋಟೊ ತೆಗೆಸಿದ್ದು ಅದಾದ ಮೇಲೆಯೇ. ಹುಡುಗನೋ ಅದಕ್ಕೂ ನಾಲ್ಕೈದು ವರ್ಷ ಮೊದಲು ಹುಟ್ಟಿದವ, ಆಗ ಅಜ್ಜ ಹಂಚು ಹೊರುತ್ತಿದ್ದರು.

ಆದರೂ ಆಕೆ ಯಾರೆಂದು ಫೋಟೊ ಹೇಳುವುದಿಲ್ಲ. ಸಂಬಂಧಿಕರು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲಿ ವಾರಗಟ್ಟಲೆ ಹುಡುಕಿದ್ದರು. ಅದು 1939ರಿಂದ 1947ರವರೆಗೆ ಸತ್ತವರ ಪಟ್ಟಿ, ಅಜ್ಜ ಬದುಕಿ ಬಂದವರು. ಸೇವಾ ವಿವರ ಬೇಕಿದ್ದರೆ ಸರ್ಟಿಫಿಕೇಟಿನ ಸೇವಾ ಸಂಖ್ಯೆ ಹಾಕಿ ಸೇನೆಯ ದಾಖಲೆ ಕಚೇರಿಗೆ ಬರೆಯಬೇಕು, ಊರಿನ ಮುಂದೆ ಆಗಿನ ಜಿಲ್ಲೆಯ ಹೆಸರು 'ಸೌತ್ ಕೆನರಾ' ಸೇರಿಸಿ.

ಅಮ್ಮನ ಜತೆ ಮಾತಿಗೆ ಬೆಳಗಿನ ತಿಂಡಿಯ ನಂತರದ ಇಪ್ಪತ್ತು ನಿಮಿಷ ಸಾಕು. ಗೊತ್ತಿರುವ ಮುಖಗಳಿಂದ ಶುರು ಮಾಡಿ, "ಇವಳು ಯಾರು?" ಬೇಡ, "ಈ ಅಂಗಳ ಎಲ್ಲಿಯದಮ್ಮ?" ಎಂದು ಕೇಳಿ ಎಂದೆವು. ರಂಗೂನಿನದನ್ನು ಕೊನೆಗೆ, ತಾರೀಖಿನ ಲೆಕ್ಕದ ಜತೆಗೇ ತೋರಿಸಬೇಕು.

ತಾಯಿ ಅದನ್ನು ಬಹಳ ಹೊತ್ತು ನೋಡಿ, "ಅಪ್ಪ ಎಷ್ಟು ಬಡಕಲಾಗಿದ್ದಾರೆ" ಅಂದರಂತೆ, ಅಷ್ಟೇ. ಮಗಳು ಲಕೋಟೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿಟ್ಟರು: "ಅಜ್ಜ, ರಂಗೂನ್, 1945ರ ಮೇ ನಂತರ. ಹೆಂಗಸು, ಹುಡುಗ: ಯಾರೆಂದು ತಿಳಿಯದು."