ಇದ್ದಂತೆ ಒಪ್ಪಿಕೊಂಡರೆ ಬೆಳೆಯುವುದು ಹೇಗೆ?

ಪ್ರಶ್ನೆ: ನನಗೆ 38 ವರ್ಷ. ಊರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದೇನೆ. ಮೀಟಿಂಗಿನಲ್ಲಿ ಇಂಗ್ಲಿಷ್ ವಾಕ್ಯವನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುವಷ್ಟರಲ್ಲಿ ಮಾತು ಬೇರೆ ವಿಷಯಕ್ಕೆ ಹೋಗಿರುತ್ತದೆ. ಸಂಜೆಯ ಇಂಗ್ಲಿಷ್ ತರಗತಿಗೆ ಸೇರಿ ನಡುವೆಯೇ ಬಿಟ್ಟೆ. ಈಗ ನನ್ನ ಮೇಲೆ ನನಗೇ ಜಿಗುಪ್ಸೆ. ‘ಇರುವ ಹಾಗೆಯೇ ಇರಿ, ನೀವು ಯಾರಿಗೇನು ಕಮ್ಮಿ’ ಎನ್ನುತ್ತಾಳೆ ಹೆಂಡತಿ. ಹಾಗೆ ಒಪ್ಪಿಕೊಂಡುಬಿಟ್ಟರೆ ಇಲ್ಲಿಯೇ ಉಳಿದುಬಿಡುತ್ತೇನೆಂಬ ಭಯ. ಏನು ಮಾಡಲಿ?
– ಹೆಸರು ಬೇಡ, ದಾಸರಹಳ್ಳಿ, ಬೆಂಗಳೂರು

ಉತ್ತರ: ನಿಮ್ಮ ಪತ್ನಿಯವರ ಮಾತಿಗೂ ನಿಮ್ಮ ಹಂಬಲಕ್ಕೂ ವಿರೋಧವಿಲ್ಲ. ತೊಡಕಿರುವುದು ಬೇರೆ ಕಡೆ. ‘ಇಂಗ್ಲಿಷಿನಲ್ಲಿ ಸರಾಗವಾಗಿ ಮಾತನಾಡಲು ಬರುವುದಿಲ್ಲ’ ಎಂಬ ವಾಸ್ತವದ ಜೊತೆಗೆ ‘ಆದ್ದರಿಂದ ನಾನು ಕೀಳು’ ಎಂಬ ತೀರ್ಪೂ ನಿಮ್ಮ ಮನಸ್ಸಿನಲ್ಲಿ ಸೇರಿಕೊಂಡಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಎಲ್ಲಿಸ್ 1950ರ ದಶಕದಲ್ಲಿ ರೂಪಿಸಿದ, ಇಂದಿಗೂ ಬಳಕೆಯಲ್ಲಿರುವ ಚಿಕಿತ್ಸಾ ಪದ್ಧತಿಯು ಇವೆರಡನ್ನು ಬೇರ್ಪಡಿಸುವುದಕ್ಕೇ ಹೆಚ್ಚಿನ ಒತ್ತು ಕೊಡುತ್ತದೆ: ಮಾಡಿದ ಕೆಲಸಕ್ಕೆ, ಇರುವ ಕೌಶಲಕ್ಕೆ ಬೇಕಾದರೆ ಅಂಕ ಹಾಕಬಹುದು, ಇಡೀ ವ್ಯಕ್ತಿಗೆ ಅಂಕ ಹಾಕಬಾರದು.

ಲೆಕ್ಕ ಬರೆಯುವವರಾದ ನಿಮಗೆ ಇದು ಬೇಗ ಅರ್ಥವಾದೀತು. ಆರಂಭಿಕ ಶಿಲ್ಕು ಕಡಿಮೆಯಿದೆಯೆಂದು ನೀವು ಅದನ್ನು ಹೆಚ್ಚಿಸಿ ಬರೆಯುವುದಿಲ್ಲ, ನಾಚಿಕೊಂಡು ಆ ಪುಟವನ್ನು ಮುಚ್ಚಿಡುವುದೂ ಇಲ್ಲ; ಇದ್ದುದನ್ನು ಇದ್ದಂತೆ ಬರೆದ ಮೇಲೆಯೇ ಏಪ್ರಿಲ್ ಒಂದರ ವಹಿವಾಟು ಶುರುವಾಗುವುದು. ತನ್ನನ್ನು ತಾನು ಒಪ್ಪಿಕೊಳ್ಳುವುದು ಎಂದರೆ ಅಷ್ಟೇ. ‘ನಾನಿರುವುದೇ ಹೀಗೆ, ಇನ್ನೇನೂ ಆಗದು’ ಎನ್ನುವವನು ಮುಂದಿನ ವರ್ಷದ ಲೆಕ್ಕವನ್ನೂ ಇಂದೇ ಬರೆದು ಮುಗಿಸಿರುತ್ತಾನೆ. ನೀವು ಹೆದರುತ್ತಿರುವುದು ಇದಕ್ಕೆ, ಮತ್ತು ಆ ಹೆದರಿಕೆ ಸಹಜ.

ತನ್ನನ್ನು ತಾನು ಹೀಗಳೆದುಕೊಂಡರೇ ಛಲ ಹುಟ್ಟುತ್ತದೆ ಎಂಬ ನಂಬಿಕೆ ನಮ್ಮ ಮನೆಗಳಲ್ಲೂ ಶಾಲೆಗಳಲ್ಲೂ ಬೇರೂರಿದೆ. ಕೆನಡಾದ ಕಾರ್ಲ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದು ಬೇರೆಯೇ: ಮೊದಲ ಪರೀಕ್ಷೆಯ ಓದನ್ನು ಮುಂದೂಡಿದ್ದಕ್ಕಾಗಿ ತಮ್ಮನ್ನು ಕ್ಷಮಿಸಿಕೊಂಡ ವಿದ್ಯಾರ್ಥಿಗಳು ಮುಂದಿನ ಪರೀಕ್ಷೆಯ ಹೊತ್ತಿಗೆ ಕಡಿಮೆ ಮುಂದೂಡಿದ್ದರು. ಕಾರಣ ಊಹಿಸುವುದು ಕಷ್ಟವಲ್ಲ. ಪುಸ್ತಕ ತೆರೆದಾಗಲೆಲ್ಲ ‘ನಾನು ಅಯೋಗ್ಯ’ ಎಂಬ ಮಾತು ಏಳುವುದಾದರೆ, ಮನಸ್ಸು ಆ ಮಾತಿನಿಂದ ತಪ್ಪಿಸಿಕೊಳ್ಳಲು ಪುಸ್ತಕವನ್ನೇ ದೂರವಿಡುತ್ತದೆ. ನೀವು ತರಗತಿ ಬಿಟ್ಟದ್ದರ ಹಿಂದೆಯೂ ಸೋಮಾರಿತನಕ್ಕಿಂತ ಇದೇ ಇದ್ದಿರಬೇಕು.

ಇನ್ನು ಕಲಿಕೆಯ ಮಾತು. ಮೂವತ್ತು ದಿನಗಳಲ್ಲಿ ನಿರರ್ಗಳ ಇಂಗ್ಲಿಷ್ ಕಲಿಸುತ್ತೇವೆನ್ನುವ ಫಲಕಗಳನ್ನು ನಾನಂತೂ ನಂಬುವುದಿಲ್ಲ. ಅವುಗಳ ಬಂಡವಾಳವೇ ನಮ್ಮ ಕೀಳರಿಮೆ. ಮೊದಲು ನಿಮ್ಮನ್ನೇ ಕೇಳಿಕೊಳ್ಳಿ: ಕಲಿತದ್ದು ಆಫೀಸಿನಲ್ಲಿ ಯಾರಿಗೂ ಗೊತ್ತಾಗದೆ ಹೋದರೂ ನೀವು ಕಲಿಯುತ್ತೀರಾ? ಹೌದಾದರೆ ಆ ಆಸೆ ನಿಮ್ಮದೇ, ನಿಧಾನವಾಗಿ ಕಲಿಯಿರಿ. ಅಲ್ಲವಾದರೆ ಮೀಟಿಂಗಿಗೆ ಬೇಕಾಗುವಷ್ಟನ್ನೇ ಹಿಡಿದುಕೊಳ್ಳಿ, ಅದರಲ್ಲಿ ಅವಮಾನವೇನೂ ಇಲ್ಲ. ಬಾಕಿ ವಸೂಲಿ, ಜಿಎಸ್‌ಟಿ, ತಿಂಗಳ ಖರ್ಚು ಇವುಗಳ ಬಗ್ಗೆ ನೀವು ಹೇಳಬೇಕಾದ ನಾಲ್ಕಾರು ವಾಕ್ಯಗಳನ್ನು ಹಿಂದಿನ ರಾತ್ರಿಯೇ ಬರೆದು, ಮನೆಯಲ್ಲಿ ಗಟ್ಟಿಯಾಗಿ ಓದಿ. ಚರ್ಚೆ ಕಾವೇರುವ ಮುನ್ನವೇ ನಿಮ್ಮ ವರದಿಗೆ ಅವಕಾಶ ಕೊಡಬೇಕೆಂದು ಮೇಲಧಿಕಾರಿಯನ್ನು ಕೇಳಿಕೊಳ್ಳಿ. ನಡುವೆ ತೊಡರಿದರೆ ಉಳಿದದ್ದನ್ನು ಕನ್ನಡದಲ್ಲೇ ಹೇಳಿ ಮುಗಿಸಿ. ಪೀಣ್ಯದ ಕಾರ್ಖಾನೆಯಲ್ಲಿ ಅದನ್ನು ತಿಳಿಯುವವರು ಇಲ್ಲದಿರುವುದಿಲ್ಲ.

ಈ ಜಿಗುಪ್ಸೆಯಿಂದ ನಿದ್ರೆ, ಹಸಿವು ಕೆಟ್ಟು ಎರಡು ವಾರ ದಾಟಿದ್ದರೆ ತಡಮಾಡದೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲೇ ಮಾತನಾಡಬಹುದು.