ವಿಶ್ವಸಂಸ್ಥೆಯ ಆಡಳಿತದಿಂದಲೇ ಪೂರ್ವ ತಿಮೋರ್‌ನಲ್ಲಿ ಪ್ರಜಾಪ್ರಭುತ್ವ ನೆಲೆಯೂರಿತೇ?

ವಿಶ್ವಸಂಸ್ಥೆ ಕಟ್ಟಿಕೊಟ್ಟಿದ್ದರಿಂದ ಪೂರ್ವ ತಿಮೋರ್‌ನಲ್ಲಿ ಪ್ರಜಾಪ್ರಭುತ್ವ ಉಳಿಯಿತೇ ಎಂದು ತಾವು ಕೇಳಿದ್ದೀರಿ. ಅದು ಅರ್ಧ ಸತ್ಯ. ಉಳಿಸಿಕೊಂಡವರು ಮುಖ್ಯವಾಗಿ ಅಲ್ಲಿನ ಜನ ಮತ್ತು ಅಲ್ಲಿನ ರಾಜಕೀಯ ಪಕ್ಷಗಳು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆಗ ಇಂಡೋನೇಷ್ಯಾದ ಹಿಡಿತದಲ್ಲಿದ್ದ ಈ ಆಗ್ನೇಯ ಏಷ್ಯಾದ ನಾಡಿನಲ್ಲಿ 1999ರ ಆಗಸ್ಟ್ 30ರಂದು ನಡೆದ ಜನಮತಗಣನೆಯಲ್ಲಿ, ಇಂಡೋನೇಷ್ಯಾ ಪರ ಸಶಸ್ತ್ರ ಗುಂಪುಗಳ ಬೆದರಿಕೆಯ ನಡುವೆಯೂ, ಶೇ. 98ಕ್ಕಿಂತ ಹೆಚ್ಚು ಮತದಾರರು ಮತ ಚಲಾಯಿಸಿದರು, ಶೇ. 78.5ರಷ್ಟು ಮತಗಳು ಇಂಡೋನೇಷ್ಯಾದೊಳಗಿನ ಸ್ವಾಯತ್ತತೆಯನ್ನು ತಿರಸ್ಕರಿಸಿ ಸ್ವಾತಂತ್ರ್ಯದ ಪರವಾಗಿ ಬಿದ್ದವು. ಇದಕ್ಕೆ ಪ್ರತೀಕಾರವಾಗಿ ಆ ಗುಂಪುಗಳು ಇಂಡೋನೇಷ್ಯಾ ಸೇನೆಯ ಬೆಂಬಲದಿಂದ ಊರೂರುಗಳನ್ನೇ ಸುಟ್ಟವು. ಅನಂತರ ಬಂದ ವಿಶ್ವಸಂಸ್ಥೆಯ ಆಡಳಿತದಲ್ಲಿ ಶಾಸನ ರಚನೆ, ಕಾರ್ಯಾಂಗ ಮತ್ತು ನ್ಯಾಯಾಡಳಿತದ ಸಮಸ್ತ ಅಧಿಕಾರವೂ ಅದರ ಮುಖ್ಯಸ್ಥ ಸರ್ಜಿಯೊ ವಿಯೆರಾ ದ ಮೆಲ್ಲೊ ಒಬ್ಬರ ಕೈಯಲ್ಲಿತ್ತು. 2001ರಲ್ಲಿ ಸಂವಿಧಾನ ಸಭೆಯ ಚುನಾವಣೆ ನಡೆದು, 2002ರ ಮೇ 20ರಂದು ದೇಶ ಸ್ವತಂತ್ರವಾಯಿತು.

ಚುನಾವಣೆಗಳು ಸುಸೂತ್ರವಾಗಿ ನಡೆದವು, ಆದರೆ ಸಂಸ್ಥೆಗಳು ಬಲಿಯಲಿಲ್ಲ. ಪೋರ್ಚುಗೀಸ್ ಭಾಷೆಯನ್ನು ಸ್ಥಳೀಯ ಭಾಷೆಯಾದ ಟೇಟುಮ್ ಜೊತೆಗೆ ಅಧಿಕೃತವಾಗಿಸಿದ್ದರಿಂದ, ಇಂಡೋನೇಷ್ಯಾದ ಶಾಲೆಗಳಲ್ಲಿ ಓದಿದ್ದ ಒಂದು ಇಡೀ ಪೀಳಿಗೆಗೆ ತನ್ನದೇ ದೇಶದ ಕಾನೂನು ಮತ್ತು ನ್ಯಾಯಾಲಯಗಳು ದೂರವಾದವು. ಇದನ್ನು ನಾನು ಗಂಭೀರ ಲೋಪವೆಂದೇ ಭಾವಿಸುತ್ತೇನೆ. ಅದಕ್ಕಿಂತ ಅಪಾಯಕಾರಿಯಾದದ್ದು ಸೇನೆ ಮತ್ತು ಪೊಲೀಸರ ನಡುವಿನ ಒಡಕು. 2006ರಲ್ಲಿ, ದೇಶದ ಪಶ್ಚಿಮ ಭಾಗದವರಿಗೆ ತಾರತಮ್ಯವಾಗುತ್ತಿದೆಯೆಂದು ದೂರಿದ್ದ ಸುಮಾರು 600 ಸೈನಿಕರನ್ನು ವಜಾ ಮಾಡಿದ ಬಳಿಕ, ಈ ಎರಡು ಪಡೆಗಳೇ ಪರಸ್ಪರ ಗುಂಡು ಹಾರಿಸಿಕೊಂಡವು. ಸುಮಾರು ಒಂದೂವರೆ ಲಕ್ಷ ಜನ ಮನೆ ತೊರೆದರು, ಪ್ರಧಾನಿ ಮಾರಿ ಅಲ್ಕಟಿರಿ ರಾಜೀನಾಮೆ ಕೊಟ್ಟರು.

ನಿಜವಾದ ಪರೀಕ್ಷೆ ಬಂದದ್ದು 2007ರಲ್ಲಿ. ಅಲ್ಕಟಿರಿಯವರ ಫ್ರೆಟಿಲಿನ್ ಪಕ್ಷ 65ರಲ್ಲಿ 21 ಸ್ಥಾನ ಗಳಿಸಿ ಮೊದಲ ಸ್ಥಾನದಲ್ಲಿದ್ದರೂ, ಅಧ್ಯಕ್ಷ ಜೋಸೆ ರಾಮೋಸ್-ಹೋರ್ಟಾ ಅವರು ಸ್ವಾತಂತ್ರ್ಯ ಹೋರಾಟದ ನಾಯಕ ಶನಾನಾ ಗುಸ್ಮಾವೊ ಅವರ ಮೈತ್ರಿಕೂಟವನ್ನು ಸರ್ಕಾರ ರಚಿಸಲು ಆಹ್ವಾನಿಸಿದರು. ಅದು ಅಸಾಂವಿಧಾನಿಕವೆಂದು ಫ್ರೆಟಿಲಿನ್ ಪ್ರತಿಭಟಿಸಿತು, ಹಲವೆಡೆ ಹಿಂಸಾಚಾರವೂ ನಡೆಯಿತು. ಆದರೂ ಆ ಪಕ್ಷ ಸಂಸತ್ತಿನಲ್ಲಿ ವಿರೋಧ ಪಕ್ಷವಾಗಿ ಕುಳಿತು, ಮುಂದಿನ ಚುನಾವಣೆಗೆ ಸಿದ್ಧವಾಯಿತು. 2015ರಲ್ಲಿ ಗುಸ್ಮಾವೊ ಅವರು ಪ್ರಧಾನಿ ಪದವಿಯನ್ನು ಬಿಟ್ಟಾಗ ಅದು ಹೋದದ್ದು ಇದೇ ಫ್ರೆಟಿಲಿನ್‌ನ ರುಯಿ ಮರಿಯಾ ದ ಅರೌಜೊ ಅವರಿಗೆ. ವಿಶ್ವಸಂಸ್ಥೆಯ ಶಾಂತಿಪಾಲನಾ ಕಾರ್ಯಾಚರಣೆ 2012ರಲ್ಲೇ ಮುಗಿದಿತ್ತು. ಈ ಹೊಂದಾಣಿಕೆಯನ್ನು ಹೊರಗಿನವರು ಹೇರಿದ್ದಲ್ಲ.

ನನಗಿರುವ ಆತಂಕ ಹಣಕಾಸಿನದು. 2005ರಲ್ಲಿ ಸ್ಥಾಪಿಸಿದ ಪೆಟ್ರೋಲಿಯಂ ನಿಧಿಯೇ ಸರ್ಕಾರದ ವೆಚ್ಚದ ಬಹುಪಾಲನ್ನು ಭರಿಸುತ್ತಿದೆ, ಅದನ್ನು ತುಂಬಿದ ಬಾಯು-ಉಂದಾನ್ ಎಂಬ ಸಮುದ್ರದಡಿಯ ಅನಿಲ ನಿಕ್ಷೇಪ ಬರಿದಾಗಿದೆ, ಗ್ರೇಟರ್ ಸನ್‌ರೈಸ್ ಎಂಬ ಇನ್ನೊಂದು ನಿಕ್ಷೇಪದ ಅನಿಲ ಇನ್ನೂ ಸಮುದ್ರದಡಿಯಲ್ಲೇ ಇದೆ.