ಫ್ಲಾರೆನ್ಸ್‌ನ ಹಳೇ ಊರಲ್ಲಿ ಚಿಕ್ಕ ಹೋಟೆಲ್ ಸರೀನಾ?

ಪ್ರಶ್ನೆ: ಅಮ್ಮನ ಜೊತೆ ಇಟಲಿಯ ಫ್ಲಾರೆನ್ಸ್‌ಗೆ ಹೊರಟಿದ್ದೇನೆ. ಡುವೊಮೊ ಚರ್ಚ್ ಹತ್ತಿರ, ಹಳೇ ಊರಿನ ನಡುವೆ, ಕಡಿಮೆ ಬಾಡಿಗೆಯ ಚಿಕ್ಕ ಹೋಟೆಲ್ ನೋಡಿದ್ದೇನೆ. ಬುಕ್ ಮಾಡಬಹುದಾ?

ಉತ್ತರ: ಧಾರಾಳವಾಗಿ ಮಾಡಿ. ಆದರೆ ದುಡ್ಡು ಕಟ್ಟೋ ಮೊದಲು ರೂಮು ಎಷ್ಟನೇ ಮಹಡಿ, ಲಿಫ್ಟ್ ಇದೆಯಾ ಅಂತ ಬರೆದು ಕೇಳಿ. ಅಲ್ಲಿ ಇಂಥ ಹೋಟೆಲ್‌ಗಳು ಎಷ್ಟೋ ಸಲ ಹಳೇ ಕಟ್ಟಡದ ಒಂದೇ ಮಹಡಿಯಲ್ಲಿ ಇರುತ್ತವೆ. ಬೀದಿ ಬಾಗಿಲಲ್ಲಿ ಒಂದು ಸಣ್ಣ ಫಲಕ, ಒಂದು ಬೆಲ್ಲು ಅಷ್ಟೇ, ಒಳಗೆ ಹೋದರೆ ಎತ್ತರದ ಕಲ್ಲಿನ ಮೆಟ್ಟಿಲು, ಸೂಟ್‌ಕೇಸ್ ನೀವೇ ಹೊತ್ತು ಹತ್ತಬೇಕು. ಅಮ್ಮನಿಗೆ ಮಂಡಿನೋವಿದ್ದರೆ ಲಿಫ್ಟ್ ಇಲ್ಲದ ಕಡೆ ಬೇಡವೇ ಬೇಡ, ಬಾಡಿಗೆ ಎಷ್ಟೇ ಕಮ್ಮಿ ಇರಲಿ.

ರಾತ್ರಿ ತಡವಾಗಿ ತಲುಪಿದರೆ ಬಾಗಿಲು ಯಾರು ತೆಗೀತಾರೆ ಅನ್ನೋದನ್ನೂ ಕೇಳಿಕೊಳ್ಳಿ. ಊರಿನ ಪ್ರವಾಸಿ ತೆರಿಗೆ ಒಬ್ಬೊಬ್ಬರಿಗೆ, ರಾತ್ರಿಗಿಷ್ಟು ಅಂತ ಇರುತ್ತೆ. ಸಾಮಾನ್ಯವಾಗಿ ಅದನ್ನು ಹೋಟೆಲ್‌ನಲ್ಲೇ ಬೇರೆ ಕಟ್ಟಬೇಕು.

ಬಾಡಿಗೆ ಕಾರು ಮಾತ್ರ ತರಬೇಡಿ. ಹಳೇ ಊರು ಝಡ್‌ಟಿಎಲ್ ವಲಯ, ಅಂದರೆ ಅನುಮತಿ ಇಲ್ಲದ ಗಾಡಿಗಳಿಗೆ ಕೆಲವು ಹೊತ್ತಲ್ಲಿ ಪ್ರವೇಶ ಇಲ್ಲದ ಜಾಗ. ನಿಷೇಧದ ಹೊತ್ತಲ್ಲಿ ಅನುಮತಿ ಇಲ್ಲದೆ ನುಗ್ಗಿದರೆ ಕ್ಯಾಮೆರಾ ನಂಬರ್ ಹಿಡಿಯುತ್ತೆ, ದಂಡದ ಚೀಟಿ ತಿಂಗಳುಗಟ್ಟಲೆ ಆದಮೇಲೂ ಮನೆಗೆ ಬರಬಹುದು. ಸುಮ್ನೆ ರೈಲಲ್ಲಿ ಬನ್ನಿ. ಸಾಂತಾ ಮರಿಯಾ ನೊವೆಲ್ಲಾ ಸ್ಟೇಷನ್‌ನಿಂದ ಡುವೊಮೊಗೆ ಆರಾಮಾಗಿ ನಡೆಯಬಹುದು.